ಪಿಷ್ಟ ಹುರಿದು ಗೋಂದು ಮಾಡುವುದು ಹೇಗೆ? ಮೊದಲು ತೇವ ಹೋಗಲಿ

ಹಸಿ ಪಿಷ್ಟ ತಣ್ಣೀರಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಅದನ್ನೇ ಒಣದಾಗಿ ಹುರಿದರೆ ಒಳಗಿನ ಸಕ್ಕರೆ ಕಣಗಳ ಉದ್ದುದ್ದ ಸರಪಳಿಗಳು ತುಂಡಾಗಿ, ನೀರಲ್ಲಿ ಕರಗಿ ಅಂಟುವ ಡೆಕ್ಸ್ಟ್ರಿನ್ ಎಂಬ ಪುಡಿ ಆಗುತ್ತದೆ. ಲಕೋಟೆ, ಲೇಬಲ್ ಅಂಟಿಸುವ ಗೋಂದಿಗೆ ಇದೇ ಮೂಲ.

ಮೆಕ್ಕೆಜೋಳದ ಶುದ್ಧ ಪಿಷ್ಟವನ್ನೇ ತನ್ನಿ. ಕಸ್ಟರ್ಡ್ ಪುಡಿ ಬೇಡ, ಅದರಲ್ಲಿ ಬಣ್ಣ, ಪರಿಮಳ ಸೇರಿರುತ್ತದೆ. ಮೈದಾ ಅಂತೂ ಬೇಡವೇ ಬೇಡ. ಅದರಲ್ಲಿರುವ ಪ್ರೋಟೀನ್ ಬೇಗ ಕಂದುತ್ತದೆ. ಬಣ್ಣ ನೋಡಿ ಹದ ಬಂತು ಅಂದುಕೊಂಡು ಮೋಸಹೋಗುತ್ತೀರಿ.

ಪಿಷ್ಟವನ್ನು ಜರಡಿ ಹಿಡಿದು ಓವನ್ ತಟ್ಟೆಯಲ್ಲಿ ಒಂದು ಸೆಂಟಿಮೀಟರ್‌ಗಿಂತ ತೆಳ್ಳಗೆ ಹರಡಿ.

ಇನ್ನು ಹುರಿಯುವುದು. ಎಷ್ಟೋ ಜನ ಕೆಡಿಸುವುದು ಇಲ್ಲೇ. ಮುಟ್ಟಿದರೆ ಒಣಗಿದಂತಿದ್ದರೂ 100 ಗ್ರಾಂ ಪಿಷ್ಟದಲ್ಲಿ ಸುಮಾರು 12 ಗ್ರಾಂ ನೀರಿರುತ್ತದೆ. ಒಮ್ಮೆಲೇ ಜಾಸ್ತಿ ಬಿಸಿ ಕೊಟ್ಟರೆ ಆ ನೀರಲ್ಲೇ ಪಿಷ್ಟ ಬೆಂದು ಗಂಟು ಕಟ್ಟುತ್ತದೆ. ಗಂಟಿನ ಹೊರಗೆ ಕಪ್ಪು, ಒಳಗೆ ಹಸಿ. ಹಾಗಾಗಿ ಮೊದಲು 100 ಡಿಗ್ರಿಯಲ್ಲಿ ಒಣಗಿಸಿ. ಆಗಾಗ ತಟ್ಟೆ ಸಮೇತ ತೂಗಿ. ತೂಕ ಇಳಿಯುವುದು ನಿಂತ ಮೇಲೆಯೇ 180 ಡಿಗ್ರಿಗೆ ಏರಿಸಿ. ಹತ್ತು ನಿಮಿಷಕ್ಕೊಮ್ಮೆ ಮೂಲೆಯದನ್ನು ನಡುವಿಗೆ, ತಳದ್ದನ್ನು ಮೇಲಕ್ಕೆ ತನ್ನಿ. ಮೆಲ್ಲಗೆ ಕೈಯಾಡಿಸಿ. ಪಿಷ್ಟದ ದೂಳು ಗಾಳಿಯಲ್ಲಿ ತುಂಬಿದರೆ ಒಂದು ಕಿಡಿಗೂ ಸ್ಫೋಟಿಸಬಹುದು, ಹತ್ತಿರ ಬೆಂಕಿ ಇರಕೂಡದು. ಗಂಟೆಗಳೇ ಹಿಡಿಯುತ್ತದೆ, ಬಿಟ್ಟು ಹೋಗಬೇಡಿ.

ಕಾರ್ಖಾನೆಗಳಲ್ಲಿ ಚೂರು ಹೈಡ್ರೋಕ್ಲೋರಿಕ್ ಆಮ್ಲ ಸಿಂಪಡಿಸಿ ಇನ್ನೂ ಕಡಿಮೆ ಬಿಸಿಯಲ್ಲಿ, ಬೇಗ ಮುಗಿಸುತ್ತಾರೆ. ಮನೆಯಲ್ಲಿ ಆ ಅಡ್ಡದಾರಿ ಬೇಡ. ಆಮ್ಲದ ಹಬೆ ಕಣ್ಣಿಗೂ ಉಸಿರಿಗೂ ಕೆಟ್ಟದ್ದು.

ಹದ ತಿಳಿಯಲು ಬಣ್ಣವೊಂದೇ ಸಾಲದು. ಚಿಟಿಕೆ ಪುಡಿಯನ್ನು ನೀರಲ್ಲಿ ಕದಡಿ, ಒಂದು ಹನಿ ಅಯೋಡಿನ್ ಹಾಕಿ. ಕಡುನೀಲಿ ಬಂದರೆ ಇನ್ನೂ ಹಸಿ. ನೇರಳೆ ಅಂದರೆ ಅರ್ಧ ಹಾದಿ. ಕೆಂಗಂದು ಬಂದರೆ ಇಳಿಸಿ. ನೀರು ಮಾತ್ರ ತಣ್ಣಗಿರಬೇಕು, ಬಿಸಿಯಲ್ಲಿ ನೀಲಿ ಮಾಯವಾಗುತ್ತದೆ.

ಆರಿದ ಪುಡಿಗೆ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಸಿ. ಗೋಂದು ಬೂಸ್ಟು ಹಿಡಿಯುತ್ತದೆ. ಬೇಕಾದಷ್ಟೇ ಕಲಸಿಕೊಂಡು, ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.