ಆಸ್ಟ್ರೇಲಿಯಾದಲ್ಲಿ ಸ್ಕೂಬಾ ಡೈವಿಂಗ್: ಟಿಕೆಟ್‌ಗಿಂತ ಮೊದಲು ಪ್ರಾಣಿ ಆರಿಸಿ

ತುಂಬಾ ಜನ ಮೊದಲು ರಜೆ ಹಾಕುತ್ತಾರೆ, ಗ್ರೇಟ್ ಬ್ಯಾರಿಯರ್ ರೀಫ್ ಹತ್ತಿರದ ಊರಾದ ಕೇರ್ನ್ಸ್‌ಗೆ ಟಿಕೆಟ್ ತೆಗೆಯುತ್ತಾರೆ, ಆಮೇಲೆ ಕೂತು ಅಲ್ಲಿ ಏನೇನು ಕಾಣುತ್ತೆ ಅಂತ ಹುಡುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಪ್ರಾಣಿಯನ್ನು ನೋಡಲೇಬೇಕು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಅದು ಎಲ್ಲಿ, ಯಾವ ತಿಂಗಳು ಬರುತ್ತೆ ಅನ್ನೋದರ ಮೇಲೆ ಉಳಿದ ಲೆಕ್ಕವೆಲ್ಲ ನಿಲ್ಲುತ್ತದೆ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ ಅನ್ನೋದು ನೆನಪಿರಲಿ.

ವೇಲ್ ಶಾರ್ಕ್ ಅನ್ನುವ ದೈತ್ಯ ಶಾರ್ಕ್ ಮೀನು ಬೇಕು ಅಂದರೆ ಪಶ್ಚಿಮದ ನಿಂಗಲೂ ರೀಫ್‌ಗೆ (ರೀಫ್ ಅಂದರೆ ಹವಳದ ದಿಬ್ಬ) ಹೋಗಬೇಕು. ಎಕ್ಸ್‌ಮೌತ್ ಊರಲ್ಲಿ ಉಳಿದುಕೊಳ್ಳಿ. ಮಾರ್ಚ್‌ನಿಂದ ಜುಲೈವರೆಗೆ ಸೀಸನ್. ಮೇಲೆ ಸಣ್ಣ ವಿಮಾನ ಹಾರಿ ಶಾರ್ಕ್ ಎಲ್ಲಿದೆ ಅಂತ ಹೇಳುತ್ತದೆ, ದೋಣಿ ಅಲ್ಲಿಗೆ ಹೋಗುತ್ತದೆ, ನೀವು ನೀರಿಗೆ ಇಳಿಯುತ್ತೀರಿ. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲದೆ, ಬರೀ ಸ್ನಾರ್ಕೆಲ್ ಅನ್ನುವ ಉಸಿರಾಟದ ಕೊಳವೆ ಹಾಕಿಕೊಂಡು. ಇದು ಗೊತ್ತಿಲ್ಲದೆ ಹೋಗಿ ಬೇಜಾರು ಮಾಡಿಕೊಳ್ಳುವವರಿದ್ದಾರೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಒಂದು ಸಲಕ್ಕೆ ಹತ್ತು ಜನರಿಗಿಂತ ಜಾಸ್ತಿ ನೀರಲ್ಲಿ ಇರುವಂತಿಲ್ಲ, ಮುಟ್ಟುವಂತಿಲ್ಲ. ಶಾರ್ಕ್ ನಿಲ್ಲದೆ ಈಜುತ್ತಲೇ ಇರುತ್ತದೆ, ಅದರ ಜೊತೆ ಸಾಗಲು ಕಾಲಲ್ಲಿ ಕಸುವು ಬೇಕು. ಹೋಗುವ ಮುಂಚೆ ಕೆಲವು ವಾರ ಕಾಲಿಗೆ ಫಿನ್ (ಈಜಲು ಹಾಕುವ ರಬ್ಬರ್ ರೆಕ್ಕೆ) ಹಾಕಿಕೊಂಡು ಈಜಿ.

ಜೂನ್, ಜುಲೈನಲ್ಲಿ ರಜೆ ಸಿಕ್ಕರೆ ನನ್ನ ಆಯ್ಕೆ ಕೇರ್ನ್ಸ್‌ನಿಂದ ಉತ್ತರಕ್ಕೆ ಹೋಗುವ ಲೈವ್‌ಅಬೋರ್ಡ್, ಅಂದರೆ ರಾತ್ರಿಯೂ ಉಳಿಯುವ ಡೈವಿಂಗ್ ಹಡಗು. ಗ್ರೇಟ್ ಬ್ಯಾರಿಯರ್ ರೀಫ್ 2,300 ಕಿ.ಮೀ. ಉದ್ದಕ್ಕೆ ಹಬ್ಬಿದೆ. ಬೆಳಿಗ್ಗೆ ಹೋಗಿ ಸಂಜೆ ಬರುವ ದೋಣಿಗಳು ಮುಟ್ಟುವುದು ಅದರ ಒಂದು ಮೂಲೆಯನ್ನು ಮಾತ್ರ. ಹೊಸಬರಿಗೆ ಅದೂ ಸಾಕು: ಆಮೆ, ಕ್ಲೌನ್‌ಫಿಶ್, ರೀಫ್ ಶಾರ್ಕ್ ಎಲ್ಲ ಕಾಣಬಹುದು. ರಿಬ್ಬನ್ ರೀಫ್‌ಗಳ ಕಡೆ ಹಡಗಲ್ಲೇ ಮಲಗಿ ಎದ್ದು ಡೈವ್ ಮಾಡುವುದು ಮಾತ್ರ ಬೇರೆಯದೇ ಅನುಭವ. ಅಲ್ಲಿನ ಕಾಡ್ ಹೋಲ್ ಅನ್ನುವ ಜಾಗದಲ್ಲಿ ಮನುಷ್ಯನಷ್ಟು ದಪ್ಪದ ಪೊಟಾಟೋ ಕಾಡ್ ಮೀನುಗಳು ಹತ್ತಿರ ಬಂದು ನಿಮ್ಮನ್ನೇ ನೋಡುತ್ತವೆ. ಡ್ವಾರ್ಫ್ ಮಿಂಕಿ ತಿಮಿಂಗಿಲಗಳು ಆ ಕಡೆ ಬರುವುದೂ ಹೆಚ್ಚಾಗಿ ಈ ಎರಡು ತಿಂಗಳಲ್ಲೇ. ಹಡಗಿನಿಂದ ಬಿಟ್ಟ ಹಗ್ಗ ಹಿಡಿದು ತೇಲುತ್ತಾ ಸುಮ್ನೆ ಇದ್ದರೆ ಸಾಕು, ಕುತೂಹಲಕ್ಕೆ ಅವೇ ಹತ್ತಿರ ಬರುತ್ತವೆ.

ಅದೇ ಚಳಿಗಾಲದಲ್ಲಿ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ವಯಾಲಾ ಊರಿನ ಬಳಿ ಇನ್ನೊಂದು ಅಚ್ಚರಿ ನಡೆಯುತ್ತದೆ. ಮೇನಿಂದ ಆಗಸ್ಟ್‌ವರೆಗೆ ಸಾವಿರಾರು ಜೈಂಟ್ ಕಟ್ಲ್‌ಫಿಶ್ (ಆಕ್ಟೋಪಸ್ ಜಾತಿಗೆ ಹತ್ತಿರದ ಪ್ರಾಣಿ) ಮೊಟ್ಟೆ ಇಡಲು ದಡದ ಹತ್ತಿರ ಸೇರುತ್ತವೆ. ಗಂಡುಗಳು ಮೈಬಣ್ಣವನ್ನು ಅಲೆಯಂತೆ ಹರಿಸುತ್ತಾ ಜಗಳಕ್ಕೆ ನಿಲ್ಲುತ್ತವೆ. ಸಣ್ಣ ಗಂಡುಗಳು ಹೆಣ್ಣಿನ ವೇಷ ಹಾಕಿ ದೊಡ್ಡವುಗಳ ಕಣ್ಣು ತಪ್ಪಿಸುತ್ತವೆ. ದೋಣಿ ಬೇಡ, ದಡದಿಂದಲೇ ಇಳಿಯಬಹುದು, ಆಳವೂ ಕಡಿಮೆ. ನೀರು ಮಾತ್ರ ಹಲ್ಲು ಕಡಿಯುವಷ್ಟು ತಣ್ಣಗಿರುತ್ತದೆ. 7 ಮಿ.ಮೀ. ದಪ್ಪದ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು), ತಲೆಗೆ ಹುಡ್, ಕೈಗೆ ಗ್ಲೌಸ್ ಇಲ್ಲದೆ ಇಳಿಯಬೇಡಿ. 2025ರಲ್ಲಿ ಆ ರಾಜ್ಯದ ಕರಾವಳಿಯಲ್ಲಿ ವಿಷಕಾರಿ ಪಾಚಿ ಹಬ್ಬಿ ಲೆಕ್ಕವಿಲ್ಲದಷ್ಟು ಜಲಚರಗಳು ಸತ್ತವು. ಹಾಗಾಗಿ ಬುಕ್ ಮಾಡುವ ಮುಂಚೆ ಅಲ್ಲಿನ ಡೈವ್ ಅಂಗಡಿಗೆ ಫೋನ್ ಮಾಡಿ ಈಗ ನೀರು ಹೇಗಿದೆ ಅಂತ ಕೇಳಿ. ಹವಳದ ವಿಷಯವೂ ಅಷ್ಟೇ. ಬ್ಯಾರಿಯರ್ ರೀಫ್‌ನಲ್ಲಿ 2016, 2017, 2020, 2022, 2024ರಲ್ಲಿ ನೀರು ಬಿಸಿಯಾಗಿ ದೊಡ್ಡ ಮಟ್ಟದಲ್ಲಿ ಹವಳ ಬಿಳಿಚಿಕೊಂಡಿತು. ನೆನೆದರೆ ಸಂಕಟವಾಗುತ್ತದೆ. ಯಾವ ಜಾಗ ಈಗ ಚೆನ್ನಾಗಿದೆ ಅಂತ ಡೈವ್ ಗೈಡ್‌ಗಳಿಗೆ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾರೆ.

ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವವರು ಪೂರ್ವ ಕರಾವಳಿಯ ಬೈರನ್ ಬೇ ಹತ್ತಿರದ ಜೂಲಿಯನ್ ರಾಕ್ಸ್ ನೋಡಬಹುದು, ಮೈಮೇಲೆ ಚುಕ್ಕೆಗಳಿರುವ ಲೆಪರ್ಡ್ ಶಾರ್ಕ್‌ಗಳು ಅಲ್ಲಿ ಸೇರುತ್ತವೆ. ಕೇರ್ನ್ಸ್ ಇರುವ ಉತ್ತರ ಕ್ವೀನ್ಸ್‌ಲೆಂಡ್‌ನಲ್ಲಿ ನವೆಂಬರ್‌ನಿಂದ ಮೇವರೆಗೆ ಬಾಕ್ಸ್ ಜೆಲ್ಲಿಫಿಶ್, ಇರುಕಾಂಜಿ ಎಂಬ ವಿಷದ ಜೆಲ್ಲಿಮೀನುಗಳ ಕಾಟವಿರುತ್ತದೆ. ದೋಣಿಯಲ್ಲಿ ಮೈತುಂಬಾ ಮುಚ್ಚುವ ಸ್ಟಿಂಗರ್ ಸೂಟ್ ಕೊಟ್ಟರೆ ಸೆಕೆ ಅಂತ ಬಿಡಬೇಡಿ. ಅದೇ ಕಾಲಕ್ಕೆ ಸೈಕ್ಲೋನ್ ಕೂಡ ಬರಬಹುದು, ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ.

ಸ್ವಲ್ಪ ಅನುಭವ ಆದವರಿಗೆ ಕಡಲ ತಳದಲ್ಲಿರುವ ಯೊಂಗಾಲಾ ಹಡಗು. 1911ರಲ್ಲಿ ಸೈಕ್ಲೋನ್‌ಗೆ ಸಿಕ್ಕಿ ಮುಳುಗಿತು, ಅದರಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ. ಈಗ ಅದರ ಮೈಯೆಲ್ಲ ಹವಳ, ಸುತ್ತ ದೈತ್ಯ ಗ್ರೋಪರ್ ಮೀನು, ಆಮೆ, ಕಡಲ ಹಾವು. ಟೌನ್ಸ್‌ವಿಲ್‌ಗೆ ದಕ್ಷಿಣದಲ್ಲಿರುವ ಏರ್ ಊರಿನ ಕಡೆಯಿಂದ ಹೋದರೆ ಹತ್ತಿರ. ಸೆಳೆತ ಜೋರು, ಆಳ ಸುಮಾರು 30 ಮೀಟರ್‌ವರೆಗೆ. ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್‌ನ ಮಿತಿ 18 ಮೀಟರ್, ಆದ್ದರಿಂದ ಮುಂದಿನ ಹಂತದ ಅಡ್ವಾನ್ಸ್‌ಡ್ ಕೋರ್ಸ್ ಮಾಡಿಕೊಂಡು ಹೋಗಿ. ಒಳಗೆ ಹೋಗುವುದಕ್ಕೆ ಅನುಮತಿ ಇಲ್ಲ. ಅದು ಅಷ್ಟು ಜನರ ಸಮಾಧಿ ಅಲ್ವಾ?

ಇನ್ನು ಆರೋಗ್ಯ. ಅಸ್ತಮಾ, ಹೃದಯದ ತೊಂದರೆ ಇದ್ದರೆ ಊರಲ್ಲೇ ಡೈವಿಂಗ್ ಗೊತ್ತಿರುವ ಡಾಕ್ಟರ್ ಹತ್ತಿರ ಡೈವ್ ಮಾಡಬಹುದು ಅಂತ ಪತ್ರ ಮಾಡಿಸಿಕೊಳ್ಳಿ. ದೋಣಿ ಹತ್ತುವಾಗ ಕೊಡುವ ಫಾರ್ಮ್‌ನಲ್ಲಿ ಏನನ್ನೂ ಮುಚ್ಚಿಡಬೇಡಿ. ಇನ್ಶೂರೆನ್ಸ್‌ನಲ್ಲಿ ಸ್ಕೂಬಾ ಸೇರಿದೆಯಾ, ಎಷ್ಟು ಆಳದವರೆಗೆ ಅಂತ ಓದಿ ನೋಡಿ.

ಕೊನೆಯ ಡೈವ್ ಆದಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು. 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಆ ಖಾಲಿ ದಿನ ಕೇರ್ನ್ಸ್‌ನಿಂದ ಅಥರ್ಟನ್ ಬೆಟ್ಟದ ಕಡೆ ಕಾರಲ್ಲಿ ಸುತ್ತಿ ಬರೋಣ ಅನ್ನಿಸಬಹುದು. ಅಲ್ಲೂ ಎತ್ತರ ಇದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಡೈವ್‌ನಲ್ಲಿ ಮೈಗೆ ಸೇರಿ ಉಳಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ ವಿಮಾನದಲ್ಲಿದ್ದಂತೆ ಅಲ್ಲೂ ಇರುತ್ತದೆ. ಬೆಟ್ಟ ನೋಡಬೇಕಿದ್ದರೆ ಡೈವ್‌ಗಿಂತ ಮೊದಲೇ ನೋಡಿಬಿಡಿ.