ಕರಡಿ ಕೂರಲ್ಲ, ನಾವೇ ಕೂರಬೇಕು

ಬನ್ನೇರುಘಟ್ಟ ಝೂಗೆ ಸ್ಕೆಚ್ ಪುಸ್ತಕ ಹಿಡಿದು ಮೊದಲ ಸಲ ಹೋದದ್ದು ಮಂಗಳವಾರ. ಮೆಜೆಸ್ಟಿಕ್‌ನಿಂದ 365ನೇ ನಂಬರ್ ಬಸ್ಸಿನಲ್ಲಿ, ಟ್ರಾಫಿಕ್ಕಿನಲ್ಲಿ ಬೆವರಿಳಿಸಿಕೊಂಡು ಹೋದರೆ ಗೇಟು ಮುಚ್ಚಿತ್ತು. ಮಂಗಳವಾರ ಅಲ್ಲಿಗೆ ರಜೆ. ಹೊರಗೆ ಮಂಗಗಳಿದ್ದವು, ಅವನ್ನೇ ಬರೆದುಕೊಂಡು ವಾಪಸ್ ಬಂದೆ.

ಎರಡನೇ ಸಲ ಇನ್ನೊಂದು ತಪ್ಪು. ಟಿಕೆಟ್ ದುಡ್ಡು ವಸೂಲಾಗಲಿ ಅಂತ ಕಂಡದ್ದನ್ನೆಲ್ಲ ಬರೆದೆ. ಹದಿನೆಂಟು ಪುಟ ತುಂಬಿತು, ಒಂದಕ್ಕೂ ಜೀವ ಇಲ್ಲ. ಈಗ ದಿನಕ್ಕೆ ಮೂರೇ ಪ್ರಾಣಿ.

ಜಾಸ್ತಿ ಹೊತ್ತು ಕೂರುವುದು ಕರಡಿ ಮುಂದೆ. ಅದು ಒಂದು ಕಡೆ ನಿಲ್ಲಲ್ಲ ಅಲ್ವಾ, ಅದಕ್ಕೆ ಒಂದೇ ಹಾಳೆಯಲ್ಲಿ ಐದಾರು ಚಿತ್ರ ಶುರು ಮಾಡುತ್ತೇನೆ. ತಲೆ ತಗ್ಗಿಸಿದ್ದೊಂದು, ಪಕ್ಕಕ್ಕೆ ತಿರುಗಿದ್ದೊಂದು. ಅದು ಅಲುಗಾಡಿದರೆ ಅರ್ಧಕ್ಕೆ ಬಿಟ್ಟು ಮುಂದಿನದಕ್ಕೆ. ಕಾದರೆ ಮತ್ತೆ ಅದೇ ಭಂಗಿಗೆ ಬರುತ್ತದೆ, ಆಗ ಬಿಟ್ಟಲ್ಲಿಂದ ಎಳೆಯುವುದು. ಮೊದಮೊದಲು ಕರಿ ಹುಲ್ಲಿನ ಬಣವೆ ಥರ ಬರುತ್ತಿತ್ತು. ಒಂದು ದಿನ ಅದು ಮರದ ದಿಮ್ಮಿಯ ಸಂದಿಗೆ ಮೂತಿ ಇಟ್ಟು ಸುರ್ರಂತ ಎಳೆಯಿತು. ಮೈತುಂಬ ಅಷ್ಟು ಕೂದಲು, ಮೂತಿ ಮಾತ್ರ ಬೋಳು. ತುಟಿ ಕೊಳವೆಯ ಹಾಗೆ ಮುಂದೆ ಚಾಚಿತ್ತು. ನಮ್ಮ ಕರಡಿಗೆ ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಇರುವುದಿಲ್ಲ, ಆ ಸಂದಿಯಿಂದಲೇ ಗೆದ್ದಲು ಹೀರುವುದು. ಅದು ತಲೆಗೆ ಹೋದ ಮೇಲೆ ಮೂತಿ ಸರಿಯಾಗಿ ಬರತೊಡಗಿತು.

ಆಫ್ರಿಕಾದ ಜೀಬ್ರಾ ನನ್ನನ್ನು ಚೆನ್ನಾಗಿಯೇ ಆಟ ಆಡಿಸಿತು. ಮೊದಲೇ ಪಟ್ಟೆ ಎಳೆದು, ಪೈಜಾಮ ಹಾಕಿದ ಕತ್ತೆ ಮಾಡಿಟ್ಟೆ. ಈಗ ಮೈ ಮೊದಲು, ಪಟ್ಟೆ ಕೊನೆಗೆ. ಬೆನ್ನಿಂದ ನೆಟ್ಟಗೆ ಇಳಿಯುವ ಪಟ್ಟೆ ತೊಡೆಗೆ ಬರುವಷ್ಟರಲ್ಲಿ ಅಡ್ಡ ತಿರುಗಿರುತ್ತದೆ. ಎಷ್ಟಿವೆ ಅಂತ ಎಣಿಸಲು ಹೋಗಬೇಡಿ, ತಿರುವು ನೋಡಿ.

ನೀರಾನೆ ಸೋಮಾರಿಗಳಿಗೆ ದೇವರು ಕೊಟ್ಟ ವರ. ಕಣ್ಣು, ಕಿವಿ, ಮೂಗಿನ ಹೊಳ್ಳೆ ಎಲ್ಲ ತಲೆಯ ಮೇಲ್ಭಾಗದಲ್ಲೇ. ಮಿಕ್ಕದ್ದು ನೀರೊಳಗೆ. ನಾಲ್ಕು ಗೆರೆ ಎಳೆದರೆ ಮುಗಿಯಿತು.

ಸಾಮಾನು ಜಾಸ್ತಿ ಬೇಡ. 4ಬಿ ಪೆನ್ಸಿಲ್, ಅಂಗೈ ಅಗಲದ ಪುಸ್ತಕ ಸಾಕು.

ಹೋದ ತಿಂಗಳು ಕರಡಿ ಬರೆಯುತ್ತಿದ್ದಾಗ ಒಬ್ಬ ಹುಡುಗ ಹಿಂದೆ ನಿಂತು ಇಣುಕಿದ. "ಅಂಕಲ್, ಉಗುರು ಇನ್ನೂ ಉದ್ದ ಇದೆ ನೋಡಿ" ಅಂದ. ನೋಡಿದೆ. ಹೌದು, ಕೊಕ್ಕೆ ಥರ ಬಾಗಿ ಮಣ್ಣಿಗೆ ತಾಗುತ್ತಿತ್ತು. ರಬ್ಬರ್ ಮರೆತು ಬಂದಿದ್ದೆ, ಅವನ ಪೌಚಿನಿಂದಲೇ ಇಸಿದುಕೊಂಡೆ.