ಆರ್ಕಿಡ್‌ಗೆ ಹಿಟ್ಟು ತಿಗಣೆ ಬಂದರೆ

ಆರ್ಕಿಡ್ ಎಲೆಯ ಬುಡದಲ್ಲಿ ಹತ್ತಿಯ ಎಳೆಯಂಥ ಬಿಳಿ ಗುಪ್ಪೆ ಕಂಡರೆ ಧೂಳೆಂದು ಬಿಡಬೇಡಿ. ಅದು ಬಹುತೇಕ ಹಿಟ್ಟು ತಿಗಣೆಯೇ. ಬೆಂಗಳೂರಿನ ನಮ್ಮ ಫ್ಲ್ಯಾಟ್‌ನ ಪೂರ್ವದ ಕಿಟಕಿಯಲ್ಲಿ ಬೆಳೆಸುವ ಫೆಲನಾಪ್ಸಿಸ್ ಜಾತಿಯ ಆರ್ಕಿಡ್‌ಗಳನ್ನು ಇದರಷ್ಟು ಕಾಡುವ ಕೀಟ ಇನ್ನೊಂದಿಲ್ಲ. ಮಲೆನಾಡಿನ ಮರಗಳ ಮೇಲೆ ತೂಗುವ ಕಾಡು ಆರ್ಕಿಡ್ ಸೀತಾಳೆ ದಂಡೆಯನ್ನು ಮಳೆಯೇ ತೊಳೆಯುತ್ತದೆ, ಇಂಥ ಹುಳಗಳನ್ನು ತಿನ್ನುವ ಗುಲಗಂಜಿ ಹುಳಗಳೂ ಅಲ್ಲಿ ಓಡಾಡುತ್ತವೆ. ಕಿಟಕಿಯ ಕುಂಡಕ್ಕೆ ಮಳೆಯೂ ಇಲ್ಲ, ಆ ಕಾವಲೂ ಇಲ್ಲ. ಎರಡು ಕೆಲಸವನ್ನೂ ನಾವೇ ಮಾಡಬೇಕು.

ಮೊದಲು ಗಿಡವನ್ನು ಬೇರೆ ಕೋಣೆಗೆ ಒಯ್ಯಿರಿ. ಆಮೇಲೆ ಬೆಳಕಿಗೆ ಹಿಡಿದು ಹುಡುಕಿ: ಎಲೆಯ ಹಿಂಬದಿಯ ನಡುನರ, ಎಲೆ ಕಾಂಡವನ್ನು ಅಪ್ಪಿಕೊಂಡ ಸಂದು, ಹೂಕಡ್ಡಿಯ ಗಿಣ್ಣಿಗೆ ಸುತ್ತಿದ ತೆಳು ಪೊರೆ. ಡೆಂಡ್ರೋಬಿಯಂ ಜಾತಿಯ ಆರ್ಕಿಡ್ ಆದರೆ ಕಾಂಡದ ಮೇಲಿನ ಒಣಗಿದ ಪೊರೆಯನ್ನು ಸುಲಿದುಬಿಡಿ. ತಿಗಣೆಗೆ ಅದಕ್ಕಿಂತ ಒಳ್ಳೆಯ ಮನೆ ಬೇಡ.

ಔಷಧಿ ಅಂಗಡಿಯಲ್ಲಿ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಜೆಲ್ ಸ್ಯಾನಿಟೈಸರ್ ಬೇಡ, ಅದರ ಅಂಟು ಎಲೆಯ ಮೇಲೆ ಉಳಿಯುತ್ತದೆ. ಕಿವಿಗೆ ಬಳಸುವ ಹತ್ತಿ ಕಡ್ಡಿಯನ್ನು ಅದ್ದಿ ಒಂದೊಂದೇ ತಿಗಣೆಗೆ ಮುಟ್ಟಿಸಿ. ಬಿಳಿ ಮೇಣ ಕರಗಿ ಕೆಳಗಿನ ಕಂದು ಮೈ ಕಾಣಿಸಿದರೆ ಔಷಧಿ ತಾಗಿದೆ ಎಂದರ್ಥ. ಅದನ್ನು ಅದೇ ಕಡ್ಡಿಯಿಂದ ಒರೆಸಿ ತೆಗೆಯಿರಿ. ಎಳೆ ಬೇರಿಗೂ ಅರಳಿದ ಹೂವಿಗೂ ಆಲ್ಕೋಹಾಲ್ ಸೋಕಿಸಬೇಡಿ.

ಮಾರನೆಯ ದಿನ ಸಂಜೆ ಬೇವಿನ ಎಣ್ಣೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿ.ಲೀ. ಎಣ್ಣೆ, ಜೊತೆಗೆ ಕೆಲವು ಹನಿ ಸೌಮ್ಯವಾದ ದ್ರವ ಸೋಪು. ಸೋಪಿಲ್ಲದಿದ್ದರೆ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಸಿಂಪಡಿಸಿಯೂ ಪ್ರಯೋಜನವಿಲ್ಲ. ಮೊದಲು ಒಂದೇ ಎಲೆಗೆ ಹಾಕಿ ಒಂದೆರಡು ದಿನ ನೋಡಿ. ಬಿಸಿಲಿರುವಾಗ ಸಿಂಪಡಿಸಿದರೆ ಎಲೆ ಸುಡುತ್ತದೆ. ಫೆಲನಾಪ್ಸಿಸ್‌ನ ನಡುಸುಳಿಯಲ್ಲಿ ನೀರು ನಿಂತರೆ ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ಟಿಶ್ಯೂ ಕಾಗದದ ತುದಿಯಿಂದ ಅದನ್ನು ಹೀರಿಸಿಬಿಡಿ.

ಇಷ್ಟಕ್ಕೇ ಗೆದ್ದೆವೆಂದುಕೊಳ್ಳುವವರೇ ಹೆಚ್ಚು. ಮೇಣದ ಚೀಲದಲ್ಲಿರುವ ಮೊಟ್ಟೆಗಳಿಗೆ ಈ ಮದ್ದು ಸರಿಯಾಗಿ ತಾಗುವುದಿಲ್ಲ. ಅವು ಒಡೆದು ಹೊರಬರುವ ಮರಿಗಳು ಬರಿಗಣ್ಣಿಗೆ ಕಾಣುವುದೇ ಕಷ್ಟ. ಆದ್ದರಿಂದ ಗಿಡ ಶುಭ್ರವಾಗಿ ಕಂಡರೂ ವಾರಕ್ಕೊಮ್ಮೆ, ಕನಿಷ್ಠ ನಾಲ್ಕು ವಾರ, ಇಡೀ ಕೆಲಸವನ್ನು ಮತ್ತೆ ಮಾಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಆದರೂ ಮತ್ತೆ ಮತ್ತೆ ಬರುತ್ತಿದ್ದರೆ ಬೇರನ್ನು ನೋಡಲೇಬೇಕು. ಗಿಡವನ್ನು ಕುಂಡದಿಂದ ತೆಗೆದು, ಹಳೆಯ ತೆಂಗಿನ ಸಿಪ್ಪೆ, ತೊಗಟೆಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಎಸೆಯಿರಿ. ಹರಿಯುವ ನೀರಿನಲ್ಲಿ ಬೇರು ತೊಳೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ಇದ್ದಿಲು ಮತ್ತು ತೊಗಟೆಯಲ್ಲಿ ನೆಡಿ. ಕುಂಡವನ್ನು ಸೋಪಿನಿಂದ ಉಜ್ಜದೆ ಮತ್ತೆ ಬಳಸಬೇಡಿ.

ಇರುವೆ ಸಾಲನ್ನು ಎಂದಿಗೂ ಕಡೆಗಣಿಸಬೇಡಿ. ತಿಗಣೆ ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಗಿಡದಿಂದ ಗಿಡಕ್ಕೆ ಒಯ್ಯುತ್ತವೆ ಕೂಡ. ಸಿಹಿತಿಂಡಿಯ ಡಬ್ಬಿಗೆ ಮಾಡುವಂತೆ ಕುಂಡದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಸೊಳ್ಳೆಯಾಗದಂತೆ ನೀರು ಬದಲಿಸುತ್ತಿರಿ.

ಕಂದು ಮುಚ್ಚಳದಂತೆ ಎಲೆಗೆ ಕಚ್ಚಿಕೊಂಡದ್ದು ಶಲ್ಕ ಕೀಟ. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆದು ಇದೇ ಕ್ರಮ ಅನುಸರಿಸಿ. ಮಾರ್ಚ್, ಏಪ್ರಿಲ್‌ನ ಒಣ ಸೆಕೆಯಲ್ಲಿ ಎಲೆಯ ಹಿಂದೆ ಬೆಳ್ಳಿ ಚುಕ್ಕೆ, ನವಿರಾದ ಬಲೆ ಕಂಡರೆ ಅದು ಜೇಡನುಸಿ. ಎಲೆಯ ಎರಡೂ ಬದಿಯನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸಿ.

ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಮನೆಯೊಳಗೆ ತರಲೇಬೇಡಿ. ಮಕ್ಕಳು ಮಲಗುವ ಕೋಣೆಯ ಗಾಳಿಗಿಂತ ಯಾವ ಹೂವೂ ದೊಡ್ಡದಲ್ಲ. ಇನ್ನು, ಹೂಕಡ್ಡಿಯಲ್ಲಿ ತಿಳಿಯಾದ ಅಂಟು ಹನಿಗಳಿದ್ದು, ಎಷ್ಟು ಹುಡುಕಿದರೂ ಹುಳ ಸಿಗದಿದ್ದರೆ ಹೆದರಬೇಡಿ. ಅದು ಗಿಡವೇ ಸೂಸುವ ರಸ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.